ಸರ್ವರ್ ತಗೊಳೋಕ್ ಮುಂಚೆ ಒಂದ್ಸಲ ಓದಿ: ಐಡ್ರ್ಯಾಕ್, ಐಲೋ, ಎಕ್ಸ್‌ಕ್ಲಾರಿಟಿ, ಸೂಪರ್‌ಮೈಕ್ರೋ, ಯಾವುದು ಯಾರಿಗೆ?

ಹೋದ ಮಳೆಗಾಲದಲ್ಲಿ ಒಂದಿನ ರಾತ್ರಿ ಹತ್ತೂವರೆಗೆ ಚಳ್ಳಕೆರೆ ಕಡೆ ಒಂದು ಎಣ್ಣೆ ಮಿಲ್ಲಿಂದ ಫೋನ್ ಬಂತು, ಕರೆಂಟ್ ಹೋಗಿ ಬಂದಮೇಲೆ ಸರ್ವರ್ ಏಳ್ತಿಲ್ಲ ಸರ್, ಬೆಳಿಗ್ಗೆ ಆರಕ್ಕೆ ಲಾರಿ ಲೋಡ್ ಆಗ್ಬೇಕು, ಬಿಲ್ ಹೊಡಿಯೋಕ್ ಆಗಲ್ಲ ಅಂತ. ದಾವಣಗೆರೆಯಿಂದ ಹೊರಟು ಮಳೇಲಿ ಹೈವೇ ಹಿಡಿದು ಚಿತ್ರದುರ್ಗ ದಾಟಿ ಅಲ್ಲಿಗೆ ಹೋಗಿ ಮಾನಿಟರ್ ಹಚ್ಚಿ ನೋಡಿದ್ರೆ ಸ್ಕ್ರೀನ್ ಮೇಲೆ ಇದ್ದಿದ್ದು ಇಷ್ಟೇ, ಎರಡು ಪವರ್ ಸಪ್ಲೈಲಿ ಒಂದಕ್ಕೆ ಕರೆಂಟ್ ಬರ್ತಿಲ್ಲ, ಮುಂದೆ ಹೋಗೋಕೆ ಎಫ್1 ಒತ್ತಿ. ಒತ್ತಿದೆ. ವಿಂಡೋಸ್ ಎದ್ದು ಕೂತ್ಕೊಳ್ತು. ಹಿಂದುಗಡೆ ಬಗ್ಗಿ ನೋಡಿದೆ, ಮ್ಯಾನೇಜ್‌ಮೆಂಟ್ ಪೋರ್ಟ್ ಖಾಲಿ, ಕೇಬಲ್ಲೇ ಹಾಕಿಲ್ಲ, ಬಾಕ್ಸಿಂದ ತೆಗೆದ ದಿನದ ಪ್ಲಾಸ್ಟಿಕ್ ಮುಚ್ಚಳ ಹಂಗೇ ಇದೆ. ಆ ಕೇಬಲ್ ಹಾಕಿ ಒಳಗೆ ಸರಿಯಾಗಿ ಸೆಟ್ಟಿಂಗ್ ಮಾಡಿದ್ರೆ ಆ ಎಫ್1 ಅನ್ನ ನಾನು ಮನೇಲಿ ಕೂತು ಒತ್ತಬಹುದಿತ್ತು.

ನನ್ನ ಹತ್ರ ಸರ್ವರ್ ಬಗ್ಗೆ ಕೇಳೋಕೆ ಬರೋರೆಲ್ಲ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ ಹಾಕ್ಸೋಣ್ವಾ ಅಂತ ಕೇಳ್ತಾರೆ, ಕೊಟೇಶನ್ ಮೂರು ಕಂಪನಿದು ತಂದು ಮುಂದಿಡ್ತಾರೆ, "ಮೂರೂ ಒಂದೇ ಅದಾವಲ್ರೀ, ಕಡಿಮೆ ರೇಟಿಂದು ತಗಳ್ಳಾಣ?" ಅಂತಾರೆ. ಪ್ರೊಸೆಸರ್ ಮಟ್ಟಿಗೆ ಹೆಚ್ಚುಕಮ್ಮಿ ಒಂದೇ, ನಿಜ. ಆದ್ರೆ ಬೋರ್ಡ್ ಒಳಗೆ ಕೂತಿರೋ ಮ್ಯಾನೇಜ್‌ಮೆಂಟ್ ಟೂಲ್ ಇದೆಯಲ್ಲ, ಅದು ಮೂರರಲ್ಲೂ ಬೇರೆ ಬೇರೆ, ಮುಂದಿನ ಐದಾರು ವರ್ಷ ನಿಮ್ಮ ನಿದ್ದೆ ನಿಂತಿರೋದು ಅದರ ಮೇಲೆ. ಅದಕ್ಕೇ ಅದೊಂದರ ಬಗ್ಗೆನೇ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದೋರಿಗೆ ಎರಡು ಮಾತು. ಸರ್ವರ್ ಬೋರ್ಡ್ ಮೇಲೆ ಒಂದು ಪುಟ್ಟ ಬೇರೆ ಕಂಪ್ಯೂಟರ್ ಇರುತ್ತೆ, ಬಿಎಂಸಿ ಅಂತ ಕರೀತಾರೆ. ಡೆಲ್ ತನ್ನದಕ್ಕೆ ಐಡ್ರ್ಯಾಕ್, ಎಚ್‌ಪಿಇ ಐಲೋ, ಲೆನೊವೊ ಎಕ್ಸ್‌ಕ್ಲಾರಿಟಿ ಅಂತ ಹೆಸರಿಟ್ಟಿದೆ. ಅದಕ್ಕೆ ತನ್ನದೇ ಚಿಪ್, ತನ್ನದೇ ಮೆಮೊರಿ, ತನ್ನದೇ ಐಪಿ ಅಡ್ರೆಸ್. ಸರ್ವರ್ ಆಫ್ ಆಗಿದ್ರೂ ಪ್ಲಗ್‌ನಲ್ಲಿ ಕರೆಂಟ್ ಇದ್ರೆ ಸಾಕು, ಅದು ಎಚ್ಚರವಾಗೇ ಇರುತ್ತೆ. ಬ್ರೌಸರ್‌ನಲ್ಲಿ ಅದರ ಐಪಿ ಹಾಕಿದ್ರೆ ಸರ್ವರ್ ಆನ್ ಆಫ್ ಮಾಡಬಹುದು, ಫ್ಯಾನ್ ಟೆಂಪರೇಚರ್ ಡಿಸ್ಕ್ ಎಲ್ಲಾ ನೋಡಬಹುದು, ಸರ್ವರ್ ಸ್ಕ್ರೀನನ್ನೇ ತೆರೆದು (ರಿಮೋಟ್ ಕನ್ಸೋಲ್ ಅನ್ನೋದು ಇದಕ್ಕೇ) ಓಎಸ್‌ಗಿಂತ ಮುಂಚೆ ಓಡೋ ಬಯೋಸ್ ಒಳಗೂ ಹೋಗಬಹುದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿರೋ ಐಎಸ್‌ಓ ಫೈಲನ್ನ ಡಿವಿಡಿ ಹಾಕಿದಂಗೆ ಹಾಕಿ ಓಎಸ್ ಇನ್‌ಸ್ಟಾಲ್ ಮಾಡಬಹುದು. ಎನಿಡೆಸ್ಕ್ ಇದೆಯಲ್ಲ ಅಂತಾರೆ ಕೆಲವರು, ಅದು ವಿಂಡೋಸ್ ಎದ್ದಮೇಲೆ ಮಾತ್ರ, ವಿಂಡೋಸೇ ಏಳದಿದ್ರೆ ಎನಿಡೆಸ್ಕ್ ಎಲ್ಲಿಂದ ಬರುತ್ತೆ. ಈ ಬಿಎಂಸಿ ಜೊತೆಗೆ ಬೂಟ್ ಆಗುವಾಗ ಒಂದು ಕೀ ಒತ್ತಿದ್ರೆ ತೆರೆಯೋ ಸೆಟಪ್ ಟೂಲ್ ಕೂಡ ಬೋರ್ಡ್‌ನಲ್ಲೇ ಇರುತ್ತೆ, ರೇಡ್ ಕಟ್ಟೋದು (ಹಲವು ಡಿಸ್ಕ್ ಸೇರಿಸಿ ಒಂದಾಗಿ ನಡೆಸೋದು), ಡ್ರೈವರ್ ಕೊಡೋದು, ಫರ್ಮ್‌ವೇರ್ (ಚಿಪ್ ಒಳಗೇ ಕೂತಿರೋ ಸಾಫ್ಟ್‌ವೇರ್) ಅಪ್‌ಡೇಟ್ ಮಾಡೋದು ಅದರ ಕೆಲಸ.

ಏನು ನೋಡ್ಬೇಕು

ಮೊದಲನೇದು ದೂರ. ಸರ್ವರ್ ಇರೋ ಜಾಗಕ್ಕೂ ಅದನ್ನ ನೋಡ್ಕೊಳ್ಳೋ ಮನುಷ್ಯ ಮಲಗೋ ಜಾಗಕ್ಕೂ ಎಷ್ಟು ದೂರ? ಮಂಡಿಪೇಟೆ ಅಂಗಡಿ ಮೇಲೇ ಮನೆ ಇದ್ರೆ ಒಂದು ಲೆಕ್ಕ, ಮಗ ಬೆಂಗಳೂರಲ್ಲಿ ಕೂತು ಊರಿನ ಮಿಲ್ ಸರ್ವರ್ ನೋಡ್ಕೊಳ್ತಿದ್ರೆ ಇನ್ನೊಂದು ಲೆಕ್ಕ, ಅದು 260 ಕಿಲೋಮೀಟರ್ ಹತ್ರ ಆಯ್ತು. ದೂರ ಜಾಸ್ತಿ ಆದಷ್ಟೂ ರಿಮೋಟ್ ಕನ್ಸೋಲ್ ಲೈಸೆನ್ಸ್‌ಗೆ ಕೊಡೋ ದುಡ್ಡು ಬೇಗ ವಾಪಸ್ ಬರುತ್ತೆ.

ಎರಡನೇದು, ಆ ಕನ್ಸೋಲ್ ಬೆಲೆಯೊಳಗೇ ಬರುತ್ತೋ ಬೇರೆ ದುಡ್ಡೋ. ಇಲ್ಲೇ ಜಾಸ್ತಿ ಜನ ಮೋಸ ಹೋಗೋದು, ಬ್ರೋಷರ್‌ನಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್ ಅಂತ ಬರೆದಿರುತ್ತೆ, ಒಳಗೆ ಹೋಗಿ ನೋಡಿದ್ರೆ ಆನ್ ಆಫ್ ಬಟನ್ ಮಾತ್ರ.

ಮೂರು, ಮೊದಲ ಸಲ ಸೆಟಪ್ ಮಾಡೋರು ಯಾರು. ಅನುಭವ ಇರೋ ಇಂಜಿನಿಯರ್ ಇದ್ರೆ ಯಾವುದಾದ್ರೂ ನಡೆಯುತ್ತೆ, ಕಾಲೇಜು ಲ್ಯಾಬಿನ ಹುಡುಗನೋ ಅಕೌಂಟೆಂಟ್ ಪೈಕಿ ಕಂಪ್ಯೂಟರ್ ತಿಳಿದೋನೋ ಆದ್ರೆ ಕೈ ಹಿಡಿದು ನಡೆಸೋ ಟೂಲ್ ಬೇಕು. ನಾಲ್ಕು, ವಾರಂಟಿ ಮುಗಿದಮೇಲೆ ಫರ್ಮ್‌ವೇರ್ ಸಿಗುತ್ತಾ. ಐದು, ಬಿಸಿಲು, ಧೂಳು, ಕರೆಂಟ್ ಇವನ್ನ ಎಷ್ಟು ಚೆನ್ನಾಗಿ ತಿಳಿಸುತ್ತೆ. ಆರನೇದು ಸೆಕ್ಯೂರಿಟಿ, ಅದು ಬ್ರ್ಯಾಂಡಿಗಿಂತ ಜಾಸ್ತಿ ನಿಮ್ಮ ಕೈಲಿರೋದು, ಕೊನೇಲಿ ಹೇಳ್ತೀನಿ.

ಡೆಲ್: ಐಡ್ರ್ಯಾಕ್, ಲೈಫ್‌ಸೈಕಲ್ ಕಂಟ್ರೋಲರ್

ಮೊದಲ ಸೆಟಪ್ ವಿಷಯದಲ್ಲಿ ನನ್ನ ಮನಸ್ಸು ಡೆಲ್ ಕಡೆಗೇ. ಬೂಟ್ ಆಗುವಾಗ ಎಫ್10 ಒತ್ತಿದ್ರೆ ಲೈಫ್‌ಸೈಕಲ್ ಕಂಟ್ರೋಲರ್ ತೆರೆಯುತ್ತೆ, ಅಲ್ಲೇ ರೇಡ್ ಕಟ್ಟಿ, ಯಾವ ಓಎಸ್ ಅಂತ ಹೇಳಿದ್ರೆ ಅದಕ್ಕೆ ಬೇಕಾದ ಡ್ರೈವರ್‌ಗಳನ್ನ ಒಂದು ಪುಟ್ಟ ಡ್ರೈವ್ ಥರ ಮಾಡಿ ಇನ್‌ಸ್ಟಾಲರ್ ಮುಂದೆ ಇಡುತ್ತೆ, ಆ ಡ್ರೈವ್ 18 ಗಂಟೆ ಇದ್ದು ತಾನೇ ಮಾಯ ಆಗುತ್ತೆ. ವಿಂಡೋಸ್ ಸೆಟಪ್‌ನಲ್ಲಿ ಡಿಸ್ಕ್ ಕಾಣ್ತಿಲ್ಲ ಅಂತ ಪೆನ್‌ಡ್ರೈವ್‌ನಲ್ಲಿ ರೇಡ್ ಡ್ರೈವರ್ ಹುಡುಕಿದೋರಿಗೆ ಇದರ ಬೆಲೆ ಗೊತ್ತು. ಫರ್ಮ್‌ವೇರ್ ಕೂಡ ಅದೇ ಸ್ಕ್ರೀನಿಂದ ನೇರ ಡೆಲ್ ಸೈಟಿಂದ ಎಳ್ಕೊಳ್ಳುತ್ತೆ, ಬಯೋಸ್, ನೆಟ್‌ವರ್ಕ್ ಕಾರ್ಡ್, ರೇಡ್ ಕಾರ್ಡ್ ಎಲ್ಲದಕ್ಕೂ ಒಟ್ಟಿಗೆ, ಅಪ್‌ಡೇಟ್ ಸರಿ ಬರಲಿಲ್ಲ ಅಂದ್ರೆ ಹಿಂದಿನ ವರ್ಷನ್‌ಗೆ ವಾಪಸ್ ಹೋಗೋಕೂ ದಾರಿ ಇದೆ. ವಾರಂಟಿ ಮುಗಿದ ಮೆಷಿನ್‌ಗೂ ಫರ್ಮ್‌ವೇರ್ ಡೌನ್‌ಲೋಡ್ ಆಗುತ್ತೆ, ಹಳೇ ಮೆಷಿನ್ ಎಳ್ಕೊಂಡು ಹೋಗೋ ನಮ್ಮಂಥ ಊರಿಗೆ ಇದು ದೊಡ್ಡ ವಿಷಯ.

ತೊಂದರೆ ಲೈಸೆನ್ಸ್‌ದು. ಐಡ್ರ್ಯಾಕ್9ರಲ್ಲಿ ಬೇಸಿಕ್, ಎಕ್ಸ್‌ಪ್ರೆಸ್, ಎಂಟರ್‌ಪ್ರೈಸ್, ಡೇಟಾಸೆಂಟರ್ ಅಂತ ಮೆಟ್ಟಿಲು. ಟಿ150, ಟಿ350 ಥರದ ಚಿಕ್ಕ ಟವರ್‌ಗಳು, ಅಂದ್ರೆ ನಮ್ಮ ಕಡೆ ಅಂಗಡಿ ಆಸ್ಪತ್ರೆಗಳು ತಗೊಳೋ ಮೆಷಿನ್‌ಗಳು, ಬೇಸಿಕ್‌ನಲ್ಲಿ ಬರ್ತವೆ. ಬೇಸಿಕ್‌ನಲ್ಲಿ ವೆಬ್ ಪೇಜ್ ತೆರೆಯುತ್ತೆ, ಆನ್ ಆಫ್ ಆಗುತ್ತೆ, ಸ್ಕ್ರೀನ್ ಕಾಣಲ್ಲ. ಸ್ಕ್ರೀನ್ ಬೇಕು, ಐಎಸ್‌ಓ ಹಾಕ್ಬೇಕು ಅಂದ್ರೆ ಎಂಟರ್‌ಪ್ರೈಸ್. ಕೊಟೇಶನ್‌ನಲ್ಲಿ "ಐಡ್ರ್ಯಾಕ್9" ಅಂತಷ್ಟೇ ಬರೆದಿದ್ರೆ ಪಕ್ಕದಲ್ಲಿ ಯಾವ ಲೆವೆಲ್ ಅಂತ ಬರೆಸ್ಕೊಳ್ಳಿ, ಮೆಷಿನ್ ಜೊತೆಗೇ ರೇಟ್ ಕುದುರಿಸಿದ್ರೆ ಕಡಿಮೆಗೆ ಬರುತ್ತೆ, ಆಮೇಲೆ ಒಂದೇ ಲೈಸೆನ್ಸ್ ಅಂತ ಹೋದ್ರೆ ಯಾರೂ ಕುದುರಿಸೋಕೆ ಬಿಡಲ್ಲ.

ಎಚ್‌ಪಿಇ: ಐಲೋ, ಇಂಟೆಲಿಜೆಂಟ್ ಪ್ರೊವಿಷನಿಂಗ್

ಐಲೋ ಹಳೇ ಕುಳ, ಅದರ ವೆಬ್ ಪೇಜ್ ನನಗೆ ಎಲ್ಲಕ್ಕಿಂತ ಅಚ್ಚುಕಟ್ಟು ಅನ್ಸುತ್ತೆ. ಜೆನ್ ಅಂದ್ರೆ ಮೆಷಿನ್‌ನ ತಲೆಮಾರು, ಜೆನ್8 ಮತ್ತು ಜೆನ್9 ಮೆಷಿನ್‌ಗೆ ಐಲೋ 4, ಜೆನ್10ಕ್ಕೆ ಐಲೋ 5, ಜೆನ್11ಕ್ಕೆ ಐಲೋ 6. ಇಲ್ಲೂ ಎಫ್10 ಒತ್ತಿದ್ರೆ ಸೆಟಪ್ ಟೂಲ್, ರೇಡ್ ಕಟ್ಟೋ ಪ್ರೋಗ್ರಾಮ್ ಅದರೊಳಗೇ ಇದೆ. ಜೆನ್10ರಿಂದ ಫರ್ಮ್‌ವೇರ್‌ನ ಚಿಪ್ ಮಟ್ಟದಲ್ಲೇ ಪರೀಕ್ಷೆ ಮಾಡಿ, ಯಾರಾದ್ರೂ ಕೈಯಾಡಿಸಿದ್ರೆ ಬೂಟ್ ಆಗದಂಗೆ ತಡಿಯೋ ವ್ಯವಸ್ಥೆ ಇಟ್ಟಿದಾರೆ, ರೋಗಿಗಳ ದಾಖಲೆ ಇಡೋ ಆಸ್ಪತ್ರೆಯವರು ಇದನ್ನ ತೂಕಕ್ಕೆ ಹಾಕ್ಬೇಕು.

ಲೈಸೆನ್ಸ್ ಇಲ್ಲಿ ಬೇರೆ ಥರ ಕಡಿಯುತ್ತೆ. ಲೈಸೆನ್ಸ್ ತಗೊಳ್ದೇ ಇರೋ ಐಲೋ ಸ್ಟ್ಯಾಂಡರ್ಡ್‌ನಲ್ಲೂ ಸ್ಕ್ರೀನ್ ಕಾಣುತ್ತೆ, ಆದ್ರೆ ಓಎಸ್ ಶುರು ಆಗೋವರೆಗೆ ಮಾತ್ರ, ವಿಂಡೋಸ್ ಲೋಡ್ ಆಗೋಕೆ ಶುರು ಆದ ತಕ್ಷಣ ಕಟ್. ಇದು ಕೆಲಸಕ್ಕೆ ಬಾರದ್ದು ಅಂತ ಹಲವರು ಅಂತಾರೆ, ನಾನು ಒಪ್ಪಲ್ಲ. ನನ್ನ ಆ ರಾತ್ರಿಯ ಎಫ್1 ಥರದ ಸಮಸ್ಯೆ ಬರೋದೇ ಓಎಸ್‌ಗಿಂತ ಮುಂಚೆ, ಅದಕ್ಕೆ ಸ್ಟ್ಯಾಂಡರ್ಡೇ ಸಾಕು, ಒಂದು ರೂಪಾಯಿ ಜಾಸ್ತಿ ಕೊಡಬೇಕಾಗಿಲ್ಲ. ವಿಂಡೋಸ್ ಅಪ್‌ಡೇಟ್ ಆಗಿ ನೀಲಿ ಸ್ಕ್ರೀನ್ ಬಂದ್ರೆ ಮಾತ್ರ ಐಲೋ ಅಡ್ವಾನ್ಸ್ಡ್ ಬೇಕು, ಐಎಸ್‌ಓ ಹಾಕೋಕೂ ಅದೇ, ತೊಂದರೆ ಬಂದಾಗ ಇಮೇಲ್ ಕಳ್ಸೋಕೂ ಅದೇ.

ಇನ್ನೊಂದು ಗಟ್ಟಿ ಮಾತು. 2014ರ ಫೆಬ್ರವರಿಯಿಂದ ಈ ಕಂಪನಿಯ ಪ್ರೊಲಯಂಟ್ ಸರ್ವರ್‌ಗಳ ಬಯೋಸ್ ಮತ್ತು ಪೂರ್ತಿ ಅಪ್‌ಡೇಟ್ ಪ್ಯಾಕ್ ಸಿಗಬೇಕಾದ್ರೆ ವಾರಂಟಿ ಅಥವಾ ಸಪೋರ್ಟ್ ಕಾಂಟ್ರ್ಯಾಕ್ಟ್ ಚಾಲ್ತಿಯಲ್ಲಿರಬೇಕು ಅಂತ ಮಾಡಿದ್ರು. ಐಲೋದ ಸ್ವಂತ ಫರ್ಮ್‌ವೇರ್‌ಗೆ ಈ ಷರತ್ತಿಲ್ಲ, ಅದು ಫ್ರೀ. ಹಾಗಾಗಿ ಮೂರು ವರ್ಷ ವಾರಂಟಿ ಮುಗಿದಮೇಲೂ ನಾಲ್ಕು ವರ್ಷ ಓಡಿಸ್ತೀನಿ ಅನ್ನೋರು ಸಪೋರ್ಟ್ ಖರ್ಚನ್ನ ಈಗಲೇ ಲೆಕ್ಕಕ್ಕೆ ಹಿಡ್ಕೊಳ್ಳಿ. ಮೈಕ್ರೋಸರ್ವರ್ ಅನ್ನೋ ಪುಟ್ಟ ಡಬ್ಬಿ ನೋಡಿ ಆಸೆ ಪಡೋರಿಗೆ ಒಂದು ಎಚ್ಚರಿಕೆ, ಜೆನ್8ರಲ್ಲಿ ಐಲೋ ಇತ್ತು, ಎಎಂಡಿ ಹಾಕಿದ ಜೆನ್10ರಲ್ಲಿ ತೆಗೆದ್ರು, ಜೆನ್10 ಪ್ಲಸ್‌ನಲ್ಲಿ ಬೇರೆ ಕಾರ್ಡ್ ತಗೊಂಡು ಹಾಕಬೇಕು. ಹೆಸರು ಒಂದೇ, ಒಳಗಿರೋದು ಬೇರೆ.

ಲೆನೊವೊ: ಎಕ್ಸ್‌ಕ್ಲಾರಿಟಿ

ಐಬಿಎಂನ ಸಿಸ್ಟಮ್ ಎಕ್ಸ್ ಸರ್ವರ್ ವ್ಯವಹಾರ 2014ರಲ್ಲಿ ಲೆನೊವೊಗೆ ಹೋಯ್ತು, 2017ರ ಥಿಂಕ್‌ಸಿಸ್ಟಮ್ ಸರ್ವರ್‌ಗಳಿಂದ ಒಳಗಿನ ಟೂಲ್ ಹೆಸರು ಎಕ್ಸ್‌ಕ್ಲಾರಿಟಿ ಕಂಟ್ರೋಲರ್. ಇಲ್ಲಿ ಒತ್ತಬೇಕಾದ್ದು ಎಫ್1, ಎಫ್10 ಅಲ್ಲ, ಬಯೋಸ್ ಸೆಟ್ಟಿಂಗು, ರೇಡು, ಓಎಸ್ ಇನ್‌ಸ್ಟಾಲು, ಡಯಾಗ್ನೋಸ್ಟಿಕ್ಸು ಎಲ್ಲಾ ಒಂದೇ ಕಡೆ ಮೌಸ್ ಹಿಡಿದು ಮಾಡೋ ಥರ ಇದೆ, ಹೊಸಬರು ಗಾಬರಿ ಆಗಲ್ಲ. ಸ್ಕ್ರೀನ್ ನೋಡೋಕೆ ಇಲ್ಲೂ ಸ್ಟ್ಯಾಂಡರ್ಡ್ ಮೇಲಿನ ಲೆವೆಲ್ ಬೇಕು. ಮೊದಲ ಲಾಗಿನ್‌ಗೆ ಎಲ್ಲಾ ಮೆಷಿನ್‌ಗೂ ಒಂದೇ ಪಾಸ್‌ವರ್ಡ್, ಪಾಸ್‌ವರ್ಡ್ ಅನ್ನೋ ಪದದಲ್ಲೇ ಓ ಬದಲು ಸೊನ್ನೆ, ಒಳಗೆ ಹೋದ ತಕ್ಷಣ ಬದಲಾಯಿಸು ಅಂತ ಅದೇ ಕೇಳುತ್ತೆ, ಆದ್ರೆ ಕೇಬಲ್ ಹಾಕಿ ಲಾಗಿನ್ ಆಗದೇ ಬಿಟ್ಟ ಮೆಷಿನ್ ಹಂಗೇ ಬಾಗಿಲು ತೆರ್ಕೊಂಡಿರುತ್ತೆ. ದಾವಣಗೆರೆಲಿ ಯಾವ ಕಂಪನಿ ಸರ್ವೀಸ್ ಇಂಜಿನಿಯರ್ ನಿಮ್ಮ ಬಾಗಿಲಿಗೆ ಬೇಗ ಬರ್ತಾನೆ ಅನ್ನೋದನ್ನ ನಿಮ್ಮ ಪಕ್ಕದ ಮಿಲ್ಲು, ನರ್ಸಿಂಗ್ ಹೋಮ್ ಹತ್ರ ಕೇಳಿ, ಡೆಲ್ ಲೆನೊವೊ ಮಧ್ಯೆ ತೂಗಾಡೋರಿಗೆ ಅದೇ ತೀರ್ಮಾನ ಮಾಡುತ್ತೆ.

ಸೂಪರ್‌ಮೈಕ್ರೋ

ದುಡ್ಡು ಲೆಕ್ಕ ಹಾಕೋರಿಗೆ, ಲಿನಕ್ಸ್ ಬಲ್ಲವರಿಗೆ ಇದು. ಕನ್ಸೋಲ್ ಬ್ರೌಸರ್‌ನಲ್ಲೇ ತೆರೆಯುತ್ತೆ, ಅದಕ್ಕೆ ಬೇರೆ ಲೈಸೆನ್ಸ್ ದುಡ್ಡಿಲ್ಲ. ಇದೊಂದೇ ಕಾರಣಕ್ಕೆ ಎಷ್ಟೋ ಜನ ಇದನ್ನ ತಗೊಳ್ತಾರೆ. ಆದ್ರೆ ಬಿಎಂಸಿ ವೆಬ್ ಪೇಜಿಂದ ಬಯೋಸ್ ಅಪ್‌ಡೇಟ್ ಮಾಡ್ಬೇಕು ಅಂದ್ರೆ ಅದಕ್ಕೊಂದು ಲೈಸೆನ್ಸ್ ಕೀ ಕೇಳುತ್ತೆ, ಇಲ್ಲಾಂದ್ರೆ ಪೆನ್‌ಡ್ರೈವ್ ದಾರಿ. ಡೆಲ್, ಎಚ್‌ಪಿಇ ಮಟ್ಟದ ಕೈ ಹಿಡಿದು ನಡೆಸೋ ಸೆಟಪ್ ಇಲ್ಲ, ಡ್ರೈವರ್ ನೀವೇ ಹುಡುಕಬೇಕು, ರೇಡ್ ಕಾರ್ಡ್‌ನ ಮೆನು ನೀವೇ ಕಲೀಬೇಕು. ಲಿನಕ್ಸ್ ಹಾಕಿ ಸಾಫ್ಟ್‌ವೇರ್ ರೇಡ್ ಮಾಡೋರಿಗೆ ಇವ್ಯಾವೂ ತೊಡಕಲ್ಲ.

ಒಂದು ಸೆಟ್ಟಿಂಗ್ ಬಗ್ಗೆ ಮಾತ್ರ ಜೋಪಾನ. ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಕೇಬಲ್ ಹಾಕದಿದ್ರೆ ಬಿಎಂಸಿ ತಾನಾಗೇ ಮೊದಲನೇ ಲ್ಯಾನ್ ಪೋರ್ಟ್ ಮೇಲೆ ಬಂದು ಕೂರುತ್ತೆ, ಫೇಲ್‌ಓವರ್ ಅಂತಾರೆ. ಆ ಪೋರ್ಟ್ ನೇರ ಇಂಟರ್‌ನೆಟ್‌ಗೆ ಇದ್ರೆ ಬಿಎಂಸಿನೂ ಇಂಟರ್‌ನೆಟ್‌ಗೆ ಬಂತು ಅಂತಲೇ ಅರ್ಥ. ಹಳೇ ಬೋರ್ಡ್‌ಗಳಲ್ಲಿ ಯೂಸರ್‌ನೇಮು ಪಾಸ್‌ವರ್ಡು ಎರಡೂ ಅಡ್ಮಿನ್, 2020ರಿಂದ ಈಚೆಗೆ ಪ್ರತಿ ಬೋರ್ಡಿಗೂ ಬೇರೆ ಪಾಸ್‌ವರ್ಡ್ ಸ್ಟಿಕ್ಕರ್ ಮೇಲೆ ಬರುತ್ತೆ. ಆ ಸ್ಟಿಕ್ಕರ್ ಫೋಟೋ ತೆಗೆದಿಟ್ಕೊಂಡು ಆಮೇಲೆ ರ್‍ಯಾಕ್‌ಗೆ ಏರಿಸಿ.

ಸರ್ವರ್ ಅಲ್ಲದ ಸರ್ವರ್‌ಗಳು

ನಮ್ಮೂರಲ್ಲಿ ಅರ್ಧಕ್ಕರ್ಧ "ಸರ್ವರ್" ಅಂದ್ರೆ ಅಸೆಂಬಲ್ ಮಾಡಿಸಿದ ಪಿಸಿ, ಮೇಲೆ ಟ್ಯಾಲಿ. ತಪ್ಪೇನಿಲ್ಲ, ಐದು ಜನ ಬಿಲ್ ಹೊಡಿಯೋ ಅಂಗಡಿಗೆ ಸಾಕು. ಇದರಲ್ಲಿ ಬಿಎಂಸಿ ಇರಲ್ಲ. ಹೊರಗಿಂದ ಪೈಕೆವಿಎಂ ಥರದ್ದು ಹಾಕಬಹುದು, ರಾಸ್ಪ್‌ಬೆರಿ ಪೈ ಮೇಲೆ ಓಡೋ ಓಪನ್ ಸೋರ್ಸ್ ಡಬ್ಬಿ, ಎಚ್‌ಡಿಎಂಐಯಿಂದ ಸ್ಕ್ರೀನ್ ತಗೊಳ್ಳುತ್ತೆ, ಯುಎಸ್‌ಬಿಯಿಂದ ಕೀಬೋರ್ಡ್ ಮೌಸ್ ಆಗುತ್ತೆ, ಐಎಸ್‌ಓನೂ ಕೊಡುತ್ತೆ, ಮದರ್‌ಬೋರ್ಡ್‌ನ ಪವರ್ ಬಟನ್ ಪಿನ್‌ಗೆ ಒಂದು ಚಿಕ್ಕ ಬೋರ್ಡ್ ಹಚ್ಚಿದ್ರೆ ಆನ್ ಆಫ್ ಕೂಡ. ಜೆಟ್‌ಕೆವಿಎಂ, ನ್ಯಾನೋಕೆವಿಎಂ ಅಂತ ಇನ್ನೂ ಚಿಕ್ಕವೂ ಬಂದಿದಾವೆ. ಆದ್ರೆ ಇವು ಕಣ್ಣು ಮತ್ತು ಕೈ ಮಾತ್ರ, ಫ್ಯಾನ್ ನಿಂತಿದೆ, ಡಿಸ್ಕ್ ಸಾಯ್ತಿದೆ ಅನ್ನೋದು ಇವಕ್ಕೆ ತಿಳಿಯಲ್ಲ. ಹಳೇ ರ್‍ಯಾಕ್ ಸರ್ವರ್‌ಗೆ ಹಾಕೋರು ನೋಡ್ಕೊಳ್ಳಿ, ಅವುಗಳಲ್ಲಿ ವಿಜಿಎ ಪೋರ್ಟ್ ಮಾತ್ರ ಇರುತ್ತೆ, ಮಧ್ಯೆ ಕನ್ವರ್ಟರ್ ಬೇಕು. ವಿಪ್ರೋ ಸ್ಟಿಕ್ಕರ್ ಇರೋ ಇಂಟೆಲ್ ಆಫೀಸ್ ಪಿಸಿ ಆದ್ರೆ (ಕಂಪನಿ ವಿಪ್ರೋ ಅಲ್ಲ, ಇಂಟೆಲ್‌ನ ವಿ-ಪ್ರೋ) ಎಎಂಟಿ ಅಂತ ಒಳಗೇ ರಿಮೋಟ್ ಸ್ಕ್ರೀನ್ ಇರುತ್ತೆ, ಬೋರ್ಡಿನ ಗ್ರಾಫಿಕ್ಸ್ ಬಳಸ್ತಿದ್ರೆ ಮಾತ್ರ ಅದು ಕೆಲಸ ಮಾಡೋದು.

ಸೆಕೆಂಡ್‌ಹ್ಯಾಂಡ್

ಬೆಂಗಳೂರು ಎಸ್‌ಪಿ ರೋಡಿಂದ ಹಳೇ ರ್‍ಯಾಕ್ ಸರ್ವರ್ ತರೋ ಹುಡುಗರು ಈಗ ಜಾಸ್ತಿ, ಕಲಿಯೋಕೆ ಅದಕ್ಕಿಂತ ಒಳ್ಳೇದಿಲ್ಲ. ಹಳೇ ಮಾಲೀಕರು ಹಾಕಿಸಿದ ಎಂಟರ್‌ಪ್ರೈಸ್ ಅಥವಾ ಅಡ್ವಾನ್ಸ್ಡ್ ಲೈಸೆನ್ಸ್ ಒಳಗೇ ಉಳಿದಿರೋದುಂಟು, ದುಡ್ಡು ಕೊಡೋಕ್ ಮುಂಚೆ ಅಂಗಡೀಲೇ ಆನ್ ಮಾಡ್ಸಿ ಲೈಸೆನ್ಸ್ ಪೇಜ್ ನೋಡಿ. ತೀರಾ ಹಳೇದರಲ್ಲಿ ಕನ್ಸೋಲ್ ಜಾವಾ ಕೇಳುತ್ತೆ, ಈಗಿನ ಬ್ರೌಸರ್‌ನಲ್ಲಿ ಅದು ಓಡಲ್ಲ, ಕೊನೇ ಫರ್ಮ್‌ವೇರ್ ಹಾಕಿದ್ರೆ ಐಡ್ರ್ಯಾಕ್8, ಐಲೋ 4 ಎರಡಕ್ಕೂ ಬ್ರೌಸರ್‌ನಲ್ಲೇ ಓಡೋ ಎಚ್‌ಟಿಎಂಎಲ್5 ಕನ್ಸೋಲ್ ಬರುತ್ತೆ. ಐಲೋ 4 ಆದ್ರೆ ಫರ್ಮ್‌ವೇರ್ ಹಾಕೋದು ಬಿಡಲೇಬೇಡಿ, 2.53ಕ್ಕಿಂತ ಹಿಂದಿನ ವರ್ಷನ್‌ಗಳಲ್ಲಿ ವೆಬ್ ಪೇಜ್ ಕೇಳೋವಾಗ ಹೋಗೋ ಒಂದು ಹೆಡರ್‌ನಲ್ಲಿ 29 ಸಲ ಎ ಅಕ್ಷರ ಕಳಿಸಿದ್ರೆ ಪಾಸ್‌ವರ್ಡೇ ಇಲ್ದೆ ಒಳಗೆ ಹೋಗಬಹುದಿತ್ತು. ಯಾವ ಕಂಪನಿದೇ ಆಗ್ಲಿ, ತಂದ ದಿನ ಬಿಎಂಸಿನ ಫ್ಯಾಕ್ಟರಿ ರೀಸೆಟ್ ಮಾಡಿ, ಹಳಬರ ಯೂಸರ್‌ಗಳು ಒಳಗೆ ಇರ್ತವೆ.

ಹಂಗಾದ್ರೆ ಯಾರಿಗೆ ಯಾವುದು

ಅಂಗಡಿ, ಐದಾರು ಬಿಲ್ಲಿಂಗ್ ಸಿಸ್ಟಮ್, ಮಾಲೀಕ ಅಲ್ಲೇ ಇರ್ತಾನೆ: ಪಿಸಿ ಮತ್ತು ಪೈಕೆವಿಎಂ ಸಾಕು, ಅಥವಾ ಬೇಸಿಕ್ ಐಡ್ರ್ಯಾಕ್ ಇರೋ ಟವರ್, ಉಳಿದ ದುಡ್ಡು ಬ್ಯಾಕಪ್‌ಗೂ ಒಳ್ಳೇ ಯುಪಿಎಸ್‌ಗೂ ಹಾಕಿ.

ನರ್ಸಿಂಗ್ ಹೋಮ್, ಲ್ಯಾಬ್, ರಾತ್ರಿ ಹಗಲು ನಡೆಯೋ ಕಡೆ ನಾನು ಕಡಿಮೆಗೆ ಒಪ್ಪಲ್ಲ. ರಾತ್ರಿ ಎರಡಕ್ಕೆ ರಿಪೋರ್ಟ್ ತೆರೆಯದೇ ಇದ್ರೆ ಅಲ್ಲಿ ಕಾಯ್ತಿರೋದು ರೋಗಿ. ಎಂಟರ್‌ಪ್ರೈಸ್ ಐಡ್ರ್ಯಾಕ್ ಅಥವಾ ಅಡ್ವಾನ್ಸ್ಡ್ ಐಲೋ, ಎರಡು ಪವರ್ ಸಪ್ಲೈ, ಹಾರ್ಡ್‌ವೇರ್ ರೇಡ್ ಕಾರ್ಡ್, ಮಶೀನ್ ಎಷ್ಟು ವರ್ಷ ಓಡಿಸ್ತೀರೋ ಅಷ್ಟು ವರ್ಷದ ಸಪೋರ್ಟ್. ರೇಟ್ ಜಾಸ್ತಿ ಆಯ್ತು ಅಂದ್ರೆ ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿ, ಲೈಸೆನ್ಸ್ ಬಿಡಬೇಡಿ.

ಇಂಜಿನಿಯರಿಂಗ್ ಕಾಲೇಜಿನವರು ಏಳೆಂಟು ಸರ್ವರ್ ಇಟ್ಕೊಂಡಿರ್ತಾರೆ, ಅವರು ಒಂದೊಂದೇ ವೆಬ್ ಪೇಜ್ ತೆರೆದು ಕೂರಬಾರದು. 2015ರಲ್ಲಿ ಬಂದ, ಪ್ರೋಗ್ರಾಮಿಂದ ಬಿಎಂಸಿ ಜೊತೆ ಮಾತಾಡೋ ರೆಡ್‌ಫಿಶ್ ಅನ್ನೋ ಸ್ಟ್ಯಾಂಡರ್ಡ್ ಈಗ ನಾಲ್ಕೂ ಕಂಪನಿಯಲ್ಲಿದೆ, ಒಂದು ಸ್ಕ್ರಿಪ್ಟ್ ಬರೆದ್ರೆ ಎಲ್ಲದರ ಟೆಂಪರೇಚರ್, ಡಿಸ್ಕ್ ಸ್ಥಿತಿ ಒಂದೇ ಟೇಬಲ್‌ನಲ್ಲಿ ಬರುತ್ತೆ, ವಿದ್ಯಾರ್ಥಿಗಳಿಗೆ ಒಳ್ಳೇ ಪ್ರಾಜೆಕ್ಟೂ ಆಗುತ್ತೆ. ಬಜೆಟ್ ಬಿಗಿ ಇದ್ದು ಕಲಿಸೋ ಮೇಷ್ಟ್ರು ಇದ್ರೆ ಸೂಪರ್‌ಮೈಕ್ರೋ ಚೆನ್ನ. ಸಿಬ್ಬಂದಿ ವರ್ಷವರ್ಷ ಬದಲಾಗೋ ಕಡೆ ಡೆಲ್ ಅಥವಾ ಲೆನೊವೊ ಇರಲಿ, ಹೊಸಬ ಬಂದು ಸ್ಕ್ರೀನ್ ನೋಡಿಯೇ ಅರ್ಥ ಮಾಡ್ಕೋಬಹುದು.

ಅಕ್ಕಿ ಮಿಲ್ಲು, ಎಣ್ಣೆ ಮಿಲ್ಲು, ಜಿನ್ನಿಂಗ್ ಇವರದ್ದು ಬೇರೆ ಕಥೆ. ಹೊಟ್ಟು, ಹತ್ತಿ ಧೂಳು ಫ್ಯಾನ್‌ಗೆ ಅಂಟಿ ಆರು ತಿಂಗಳಲ್ಲಿ ಉಸಿರು ಕಟ್ಟುತ್ತೆ. ಸಾಮಾನ್ಯವಾಗಿ ಸರ್ವರ್‌ಗಳನ್ನ ಒಳಗೆ ಹೋಗೋ ಗಾಳಿ 35 ಡಿಗ್ರಿವರೆಗೆ ಅಂತ ಲೆಕ್ಕ ಹಾಕಿ ಮಾಡಿರ್ತಾರೆ, ನಮ್ಮ ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ರೂಮಲ್ಲಿ ಅದು ದಾಟೋಕೆ ಹೊತ್ತು ಬೇಡ. ಒಳಬರೋ ಗಾಳಿಯ ಟೆಂಪರೇಚರ್ ಗ್ರಾಫ್ ಐಡ್ರ್ಯಾಕ್, ಐಲೋ ಎರಡೂ ತೋರಿಸ್ತವೆ. ಆ ಗ್ರಾಫ್ ಪ್ರಿಂಟ್ ತೆಗೆದು ಸಾಹುಕಾರ್ರ ಟೇಬಲ್ ಮೇಲಿಟ್ಟ ಮೇಲೇ ಒಂದು ಮಿಲ್ಲಲ್ಲಿ ನನ್ನ ಎಸಿ ಮಾತು ನಡೆದಿದ್ದು. ಇವರಿಗೆ ನಾನು ಅಲರ್ಟ್ ಕಳ್ಸೋ ಲೆವೆಲ್ ಲೈಸೆನ್ಸೇ ಹೇಳೋದು.

ಮೊದಲ ದಿನವೇ ಮಾಡ್ಬೇಕಾದ್ದು

ಯಾವುದೇ ತಗೊಳ್ಳಿ, ಬಿಎಂಸಿನ ಇಂಟರ್‌ನೆಟ್‌ಗೆ ತೆರೆದಿಡಬೇಡಿ, ರೂಟರ್‌ನಲ್ಲಿ ಹೊರಗಿಂದ ನೇರ ದಾರಿ ಕೊಡೋ ಪೋರ್ಟ್ ಫಾರ್ವರ್ಡ್ ಮಾಡಲೇಬೇಡಿ. ವೈರ್‌ಗಾರ್ಡ್ ಥರದ ವಿಪಿಎನ್ (ಇಂಟರ್‌ನೆಟ್ ಮೇಲೆ ಬೀಗ ಹಾಕಿದ ಖಾಸಗಿ ದಾರಿ) ಹಾಕಿ ಒಳಗೆ ಬನ್ನಿ. ಬಿಎಂಸಿ ಜೊತೆ ಮಾತಾಡೋಕೆ ಇರೋ ಐಪಿಎಂಐ 2.0 ಅನ್ನೋ ಹಳೇ ಪ್ರೋಟೋಕಾಲ್‌ನ ವಿನ್ಯಾಸದಲ್ಲೇ ಒಂದು ತೂತು ಇದೆ, ಲಾಗಿನ್ ಆಗೋಕ್ ಮುಂಚೆನೇ ಪಾಸ್‌ವರ್ಡ್‌ನ ಹ್ಯಾಶ್ (ಕಲಸಿಟ್ಟ ರೂಪ, ಊಹೆ ಮಾಡ್ತಾ ಹೋದ್ರೆ ಪಾಸ್‌ವರ್ಡ್ ಸಿಗಬಹುದು) ಕೇಳಿದೋರಿಗೆ ಕೊಟ್ಟುಬಿಡುತ್ತೆ, ಅಪ್‌ಡೇಟ್‌ನಿಂದ ಸರಿ ಹೋಗೋದಲ್ಲ ಅದು. ಬಳಸ್ದೇ ಇದ್ರೆ ಐಪಿಎಂಐ ಓವರ್ ಲ್ಯಾನ್ ಆಫ್ ಮಾಡಿ, ಬಳಸೋದಾದ್ರೆ ಉದ್ದ ಪಾಸ್‌ವರ್ಡ್.

ಆಮೇಲೆ ಬಹಳ ಜನ ಮರೆಯೋದು, ಸರ್ವರ್ ಯುಪಿಎಸ್ ಮೇಲಿರುತ್ತೆ, ಸ್ವಿಚ್ಚೂ ಫೈಬರ್ ರೂಟರೂ ಗೋಡೆ ಪ್ಲಗ್‌ಗೆ ಇರ್ತವೆ. ಕರೆಂಟ್ ಹೋದ ಕ್ಷಣ ಬಿಎಂಸಿ ಬದುಕಿದ್ರೂ ನಿಮಗೆ ದಾರಿ ಇಲ್ಲ. ಆ ಎರಡನ್ನೂ ಅದೇ ಯುಪಿಎಸ್‌ಗೆ ಹಾಕಿ, ಅವು ತಿನ್ನೋ ಕರೆಂಟ್ ತೀರಾ ಕಡಿಮೆ. ಬಯೋಸ್‌ನಲ್ಲಿ ಕರೆಂಟ್ ವಾಪಸ್ ಬಂದಾಗ ಏನು ಮಾಡ್ಬೇಕು ಅನ್ನೋ ಸೆಟ್ಟಿಂಗನ್ನ "ಮುಂಚೆ ಹೆಂಗಿತ್ತೋ ಹಂಗೆ" ಅಂತ ಇಡಿ, ತಪ್ಪು ಕಂಡ್ರೆ ಎಫ್1ಗೆ ಕಾಯೋ ಸೆಟ್ಟಿಂಗ್ ಇರೋ ಮೆಷಿನ್‌ನಲ್ಲಿ ಅದನ್ನ ತೆಗೀರಿ.

ಎಲ್ಲಾ ಆದಮೇಲೆ ಗಿರಾಕಿಗೆ ಒಪ್ಪಿಸೋಕ್ ಮುಂಚೆ ಮನೆಗೆ ಹೋಗಿ ಮೊಬೈಲ್ ನೆಟ್ ಹಾಕ್ಕೊಂಡು ವಿಪಿಎನ್ ಮೂಲಕ ಸರ್ವರ್ ಆಫ್ ಮಾಡಿ, ಆನ್ ಮಾಡಿ, ಬಯೋಸ್ ಸ್ಕ್ರೀನ್ ಕಾಣ್ತಾ ನೋಡಿ, ಅಲ್ಲಿರೋ ಹುಡುಗನಿಗೆ ಫೋನ್ ಮಾಡಿ ಮೇನ್ ಸ್ವಿಚ್ ಆಫ್ ಮಾಡಪ್ಪ ಅಂತ ಹೇಳಿ ಇನ್ನೊಂದ್ಸಲ ನೋಡಿ. ಚಳ್ಳಕೆರೆ ಮಿಲ್ಲಿಗೆ ಆ ಕೇಬಲ್ ಹಾಕಿದ ಮರುದಿನ ನಾನೂ ಇದನ್ನೇ ಮಾಡಿದ್ದು.